ಉಂಗುರ ಎತ್ತಿದರೆ ರಿವರ್ಸ್

ಮೋಲೇ, ಮೋನೇ,

ಕನ್ನಡದಲ್ಲಿ ಬರೆಯುತ್ತಿದ್ದರೂ ನಿಮ್ಮಿಬ್ಬರನ್ನು ಮನೆಯಲ್ಲಿ ಮಗಳೇ, ಮಗನೇ ಎಂದು ಕರೆಯುವ ಹಾಗೆಯೇ ಕರೆಯುತ್ತೇನೆ. ನಾವು ಮಾತಾಡುವ ಬ್ಯಾರಿ ಭಾಷೆಯನ್ನು ಬರೆದು ನನಗೆ ಅಭ್ಯಾಸವಿಲ್ಲ. ಇದು ಕಡಬದ ಆಚೆ, ನನ್ನ ತವರಿನ ಹತ್ತಿರದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ. ಅಕ್ಷರ ತಪ್ಪಿದ್ದಲ್ಲಿ ತಿದ್ದಿಕೊಳ್ಳಿ. ಸಂಗತಿಯನ್ನು ಮಾತ್ರ ತಿದ್ದಬೇಡಿ. ಅದನ್ನು ನೀವು ಈಗಾಗಲೇ ಬೇಕಾದಷ್ಟು ತಿದ್ದಿದ್ದೀರಿ.

ಮೊನ್ನೆ ಉಪ್ಪಿನಂಗಡಿಯ ಮದುವೆಯಲ್ಲಿ ಹೆಂಗಸರ ಪಂಕ್ತಿಯ ನಡುವೆ ನಿಂತು, "ನಮ್ಮ ಅಜ್ಜಿ ಇದ್ದತ್ತಿನಲ್ಲಿ ಕೂತು ಕಾರು ಕಲಿತವರು, ಈಗ ಕಡಬಕ್ಕೆ ಅವರೇ ಬಿಡುದು" ಎಂದು ಹೇಳಿದ್ದು ಯಾರೆಂದು ನನಗೆ ಗೊತ್ತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ತಟ್ಟೆಯೊಳಗೆ ಮುಖ ಹಾಕಿಕೊಂಡು ಕೂತೆ. ಅಂದಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಾನು ಕಡಬಕ್ಕೆ ಕಾರು ಬಿಟ್ಟವಳಲ್ಲ. ಗೇಟು ದಾಟಿ ಒಂದು ಮಾರು ಬಿಟ್ಟವಳೂ ಅಲ್ಲ. ನಡೆದದ್ದು ಏನೆಂದು ಬರೆದಿಡುತ್ತೇನೆ.

ಆ ಕಾರು ನಿಮ್ಮ ಅಜ್ಜನದ್ದು. ಫ್ರಾನ್ಸಿನ ಕಂಪೆನಿಯದ್ದು, ಪುತ್ತೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಗಲ್ಫಿನಲ್ಲಿ ಒಂದು ಮನೆಗೆ ಡ್ರೈವರ್ ಆಗಿದ್ದಾಗ ಅವರು ಅದೇ ಕಂಪೆನಿಯ ಕಾರನ್ನು ಓಡಿಸುತ್ತಿದ್ದರು. ಊರಿಗೆ ಬಂದು ನಿಂತ ಮೇಲೆ ಬೇರೆ ಯಾವ ಕಾರೂ ಅವರ ಕಣ್ಣಿಗೆ ಹಿಡಿಸಲಿಲ್ಲ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಇಲ್ಲಿ ಬಲಕ್ಕೆ. ಕಾರು ಮನೆಗೆ ಬಂದ ಹೊಸತರಲ್ಲಿ ಅವರು ಎಷ್ಟೋ ಸಲ ಎಡಬಾಗಿಲು ತೆರೆದು ಗಂಭೀರವಾಗಿ ಕೂತು, ಕೀ ಹಿಡಿದು ತೂತು ಹುಡುಕುತ್ತಿದ್ದರು. ನಾನು ಹೊರಗೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. "ನಗುದೆಂತಕ್ಕೆ? ನೀನೇ ಬಿಡು ಹಾಗಾದ್ರೆ, ಅಲ್ಲಿ ಸೀಟು ಖಾಲಿ ಉಂಟಲ್ಲ" ಎನ್ನುತ್ತಿದ್ದರು.

ಅದು ನೋಡಲು ಚಂದದ ಕಾರಲ್ಲ. ಎತ್ತರ, ಅಗಲ, ಮುಖದಲ್ಲಿ ಲಕ್ಷಣವಿಲ್ಲ. ಆದರೆ ಸೀಟು ಮಡಚಿದರೆ ಒಳಗೆ ಒಂದು ಮಂಚ ಹಿಡಿಯುತ್ತಿತ್ತು. ಡಿಕ್ಕಿಯಲ್ಲಿ ಕುಚ್ಚಲಕ್ಕಿಯ ಗೋಣಿ, ಹಲಸಿನ ಹಣ್ಣು, ಟಾರ್ಪಾಲು, ಮದರಸದ ಚಾಪೆಗಳು, ಒಮ್ಮೆ ನೆರೆಮನೆಯವರ ಹೊಲಿಗೆ ಯಂತ್ರ. "ಫ್ರಾನ್ಸಿನವರು ಶೋಕಿಯವರು ಅಂತ ಜನ ಹೇಳುದು. ಇದನ್ನು ಮಾಡಿದವನಿಗೆ ಮಾತ್ರ ಮಕ್ಕಳು ಜಾಸ್ತಿ ಇದ್ದಿರ್ಬೇಕು, ಪಾಪ" ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು.

ಆ ಕಾರಿನಿಂದ ನನಗೆ ಆಗುತ್ತಿದ್ದ ದೊಡ್ಡ ಕೆಲಸ ಒಂದೇ, ಗುರುವಾರದ್ದು. ನನ್ನ ಉಮ್ಮ, ನಿಮ್ಮ ಮುತ್ತಜ್ಜಿ, ಕಡಬದ ಆಚೆ ಗುಡ್ಡದ ಮೇಲಿನ ಮನೆಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಸೊಂಟ ಮುರಿದ ಮೇಲೆ ಮಂಚ ಬಿಟ್ಟು ಏಳುವುದಿಲ್ಲ. ಬಾಯಿ ಮಾತ್ರ ಗಟ್ಟಿ. ಶುಕ್ರವಾರಕ್ಕೆ ಮೊದಲು ತಲೆಗೆ ನೀರು ಹಾಕಬೇಕು, ಅದನ್ನು ನಾನೇ ಹಾಕಬೇಕು. ಸೊಸೆ ಹಾಕಿದರೆ ಕಿವಿಗೆ ನೀರು ಹೋಗುತ್ತದಂತೆ, ಮೊಮ್ಮಕ್ಕಳು ಹಾಕಿದರೆ ಸೋಪು ಉಳಿಯುತ್ತದಂತೆ. ಹಾಗಾಗಿ ಗುರುವಾರ ಬೆಳಿಗ್ಗೆ ನಾವಿಬ್ಬರೂ ಸವಣೂರಿನಿಂದಾಗಿ, ಶಾಂತಿಮೊಗರು ಸೇತುವೆ ದಾಟಿ ಹೋಗುತ್ತಿದ್ದೆವು. ಬಸ್ಸಿಳಿದು ಆ ಗುಡ್ಡ ಹತ್ತುವಷ್ಟು ನನ್ನ ಮೊಣಕಾಲು ಚೆನ್ನಾಗಿರಲಿಲ್ಲ. ನಿಜ ಹೇಳುವುದಾದರೆ, ಒಬ್ಬಳೇ ಬಸ್ಸು ಹತ್ತಿ ಕಂಡಕ್ಟರಿಗೆ ಊರಿನ ಹೆಸರು ಹೇಳುವ ಧೈರ್ಯವೂ ಇರಲಿಲ್ಲ.

ನಿಮ್ಮ ಅಜ್ಜ ಹೋದದ್ದು ನಿಮಗೆ ನೆನಪಿದೆ. ಅದನ್ನು ನಾನು ಬರೆಯುವುದಿಲ್ಲ. ಅದರ ನಂತರ ನಾನು ಇದ್ದತ್ತಿಗೆ ಕೂತೆ. ಗಂಡ ತೀರಿಹೋದ ಹೆಂಗಸು ನಾಲ್ಕು ತಿಂಗಳಿಗೂ ಮೇಲೆ ಮನೆಯಲ್ಲೇ ಇರಬೇಕಾದ ಕಾಲ ಅದು. ತಿರುಗಾಟವಿಲ್ಲ, ಸಿಂಗಾರವಿಲ್ಲ, ಹೊರಗಿನ ಗಂಡಸರ ಎದುರಿಗೆ ಬರುವುದಿಲ್ಲ. ನನ್ನಂಥ ನಾಚಿಕೆಯವಳಿಗೆ ಅದು ಕಷ್ಟವಲ್ಲ ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಹೋಗುವುದಿಲ್ಲ ಎನ್ನುವುದು ಬೇರೆ, ಹೋಗಬಾರದು ಎನ್ನುವುದು ಬೇರೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಕಪಾಟಿನ ಬಟ್ಟೆಗಳನ್ನು ಬಿಡಿಸಿ ಮತ್ತೆ ಮಡಚುತ್ತಿದ್ದೆ. ಗುರುವಾರ ಬಂದರೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯುತ್ತಿರಲಿಲ್ಲ. ಉಮ್ಮ ಫೋನು ಮಾಡುತ್ತಿದ್ದರು.

"ತಲೆ ತುರಿಸ್ತದೆ. ಯಾವಾಗ ಬರುದು?"

"ಇದ್ದತ್ತಲ್ವಾ ಉಮ್ಮ."

"ಅದು ನನಗೂ ಗೊತ್ತುಂಟು. ತಲೆಗೆ ಗೊತ್ತಿಲ್ಲ."

ಕಾರು ಅಂಗಳದಲ್ಲಿ ಬಾವಿಕಟ್ಟೆಯ ಕಡೆಗೆ ಮುಖ ಮಾಡಿ ನಿಂತಿತ್ತು. ನಿಮ್ಮ ಅಜ್ಜ ಹೇಳುತ್ತಿದ್ದ ಒಂದು ಮಾತು ನನಗೆ ದಿನವೂ ಕೇಳಿಸುತ್ತಿತ್ತು: "ಓಡುವ ಕಾರಿಗೆ ಖರ್ಚು, ನಿಂತ ಕಾರಿಗೆ ಕಾಯಿಲೆ." ಬ್ಯಾಟರಿ ಇಳಿಯುತ್ತದೆ, ಟಯರು ಒಂದೇ ಕಡೆ ಕೂತು ಚಪ್ಪಟೆಯಾಗುತ್ತದೆ, ಇಲಿ ವಯರು ಕಡಿಯುತ್ತದೆ. ನನ್ನ ಮಗನಿಗೆ, ಅಂದರೆ ನಿಮ್ಮ ಬಾಪನಿಗೆ, ಸುಳ್ಯದ ಅಂಗಡಿ ಬಿಟ್ಟು ಪುರುಸೊತ್ತಿಲ್ಲ, ಹೋಗಿ ಬರುವುದು ಬೈಕಿನಲ್ಲಿ. ನಿಮ್ಮ ಉಮ್ಮ ಪುತ್ತೂರಿನಲ್ಲಿ ಸಣ್ಣ ಕಾರಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡವಳು, ಈ ದೊಡ್ಡದನ್ನು ಮುಟ್ಟಲು ಹೆದರುತ್ತಿದ್ದಳು. ಉಳಿದವಳು ನಾನು. ನಿಮ್ಮ ಅಜ್ಜ ಇದ್ದಾಗ, ಮಳೆ ಬರುತ್ತಿದ್ದ ಒಂದು ಮಧ್ಯಾಹ್ನ, ತಮಾಷೆಗೆಂದು ನನ್ನನ್ನು ಕೂರಿಸಿ ಕ್ಲಚ್ಚು, ಗೇರು ತೋರಿಸಿದ್ದರು. ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು. ಅಷ್ಟೇ ನನಗೆ ಗೊತ್ತಿದ್ದದ್ದು.

ಆದರೆ ಕಾರಿನಲ್ಲಿ ಕೂತರೆ ಮನೆಯಿಂದ ಹೊರಗೆ ಹೋದ ಹಾಗೆಯೋ? ಇದು ನನ್ನ ತಲೆಯನ್ನು ತಿಂದಿತು. ಕಾರಿಗೆ ಬಾಗಿಲು ಬೇರೆ, ಕಿಟಕಿ ಬೇರೆ. ಕಡೆಗೆ ಮಸೀದಿಯ ಉಸ್ತಾದರಲ್ಲಿ ಕೇಳಿಸಲು ನಿಮ್ಮ ಉಮ್ಮನಿಗೆ ಹೇಳಿದೆ. ಅವಳು ಮೊದಲು ಚೆನ್ನಾಗಿ ನಕ್ಕಳು, ಆಮೇಲೆ ಉಸ್ತಾದರ ಹೆಂಡತಿಗೆ ಫೋನು ಮಾಡಿದಳು. ಉಸ್ತಾದರು ಹಿಂದಿನಿಂದ ಕೇಳಿದ್ದು ನನಗೂ ಕೇಳಿಸಿತು. "ಕಾರು ಗೇಟಿನ ಒಳಗೆ ಉಂಟಾ?"

"ಉಂಟು."

"ಹೊರಗಿನವರು ಯಾರಾದ್ರೂ ಉಂಟಾ ಅಲ್ಲಿ?"

"ಇಲ್ಲ."

"ಗೇಟಿನ ಒಳಗೆ ಇರುದೆಲ್ಲ ಮನೆಯೇ. ಕೂರ್ಲಿ. ಕಾರು ಗೇಟು ದಾಟಿದ್ರೆ ಮಾತ್ರ ಅದು ಮನೆ ಅಲ್ಲ, ಅದೊಂದು ನೆನಪಿರ್ಲಿ."

ಅಂದಿನಿಂದ ದಿನವೂ ಸಂಜೆಯ ಅಸರ್ ನಮಾಝ್ ಮುಗಿಸಿ, ಗೇಟಿಗೆ ಚಿಲಕ ಹಾಕಿಸಿ, ಕಾರಿಗೆ ಹೋಗುತ್ತಿದ್ದೆ. ಕೀ ತಿರುಗಿಸಿದರೆ ಅಕ್ಕಿ ಗಿರಣಿಯ ಹಾಗೆ ಗಡಗಡ ಶುರುವಾಗುತ್ತಿತ್ತು. ಮೊದಮೊದಲು ಸುಮ್ಮನೆ ಕೂತಿರುತ್ತಿದ್ದೆ. ಆಮೇಲೆ ಟಯರಿನ ನೆನಪಾಗಿ, ಹಿಂದಕ್ಕೆ ಒಂದು ಕಾರಿನಷ್ಟು, ಮತ್ತೆ ಮುಂದಕ್ಕೆ ಒಂದು ಕಾರಿನಷ್ಟು. ಆ ಕಾರಿನಲ್ಲಿ ರಿವರ್ಸ್ ಹಾಕುವುದಕ್ಕೆ ಒಂದು ಉಪಾಯವಿದೆ. ಗೇರಿನ ಕೋಲಿಗೆ, ಗುಂಡಿನ ಕೆಳಗೆ, ಕುತ್ತಿಗೆಯಲ್ಲಿ ಒಂದು ಪ್ಲಾಸ್ಟಿಕ್ ಬಳೆಯಂಥದ್ದು ಇದೆ. ಅದನ್ನು ಎರಡು ಬೆರಳಿನಲ್ಲಿ ಮೇಲಕ್ಕೆ ಎತ್ತಿ ಹಿಡಿದು ಎಡಕ್ಕೆ ಮುಂದಕ್ಕೆ ತಳ್ಳಿದರೆ ರಿವರ್ಸ್. ಎತ್ತದೆ ತಳ್ಳಿದರೆ ಒಂದನೇ ಗೇರು. ನಿಮ್ಮ ಅಜ್ಜ ಅದನ್ನು ಉಂಗುರ ಎಂದು ಕರೆಯುತ್ತಿದ್ದರು. ಗಲ್ಫಿನಿಂದ ತಂದ ಉಂಗುರ ಯಾವುದೂ ನಮ್ಮಲ್ಲಿ ಉಳಿಯಲಿಲ್ಲ, ಇದೊಂದು ಇರಲಿ ಎಂದು ನಗುತ್ತಿದ್ದರು.

ಹಿಂದೆ, ಮುಂದೆ. ಹಿಂದೆ, ಮುಂದೆ. ಒಂದೂರಿಗೂ ಹೋಗದ ಪ್ರಯಾಣ. ಆದರೆ ಅಷ್ಟು ಮಾಡಿದ ದಿನ ರಾತ್ರಿ ನಿದ್ದೆ ಬರುತ್ತಿತ್ತು.

ಇದ್ದತ್ ಅರ್ಧ ದಾಟಿದ್ದಾಗ ನಿಮ್ಮ ಬಾಪ ಊಟಕ್ಕೆ ಕೂತವನು ಹೇಳಿದ: "ಉಮ್ಮ, ಆ ಕಾರು ಕೊಟ್ಟುಬಿಡುವ. ಪಾರ್ಟ್ಸಿಗೆ ಮಂಗಳೂರಿಗೇ ಹೋಗ್ಬೇಕು, ಇಲ್ಲಿ ಯಾರಿಗೂ ಅದರ ತಲೆಬುಡ ಗೊತ್ತಿಲ್ಲ. ಅಂಗಡಿಗೊಂದು ಪಿಕಪ್ ತಗೊಂಡ್ರೆ ಲೋಡಿಗೂ ಆಯ್ತು, ಮನೆಗೂ ಆಯ್ತು."

ಅವನ ಮಾತು ತಪ್ಪಲ್ಲ. ಅಂಗಡಿ ಪ್ಲೈವುಡ್ಡಿನದ್ದು, ಬಾಡಿಗೆ ಗಾಡಿಗೇ ಲಾಭ ಹೋಗುತ್ತಿತ್ತು. ಆದರೆ ಪಿಕಪ್ಪಿನ ಎತ್ತರದ ಮೆಟ್ಟಿಲನ್ನು ನನ್ನ ಕಾಲು ಹತ್ತುವುದಿಲ್ಲ, ದಿನವಿಡೀ ಸುಳ್ಯದಲ್ಲಿ ಲೋಡು ಹೊರುವ ಗಾಡಿ ಗುರುವಾರ ನನಗಾಗಿ ಕಡಬಕ್ಕೆ ಬರುವುದೂ ಇಲ್ಲ. ಇದಿಷ್ಟೂ ಬಾಯಿಯ ತುದಿಗೆ ಬಂತು. "ನಿನಗೆ ಕಂಡ ಹಾಗೆ ಮಾಡು" ಎಂದು ಅನ್ನ ಬಡಿಸಿದೆ. ನನ್ನ ಬಾಯಿ ಯಾವತ್ತೂ ಹಾಗೆಯೇ.

ನೋಡಲು ಬಂದವರು ಸುಳ್ಯದ ಒಬ್ಬ ಗಾಡಿ ಏಜೆಂಟರು, ಜೊತೆಗೆ ಅವರ ಗೆಳೆಯ, ಸ್ವಲ್ಪ ಮೆಕ್ಯಾನಿಕ್ ಕೆಲಸ ಗೊತ್ತಿದ್ದವನು. ಬಾಪ ಅಂಗಡಿಯಲ್ಲಿದ್ದ, ನೀವು ಶಾಲೆಯಲ್ಲಿ. ನಿಮ್ಮ ಉಮ್ಮ ಕೀ ಕೊಟ್ಟು ಜಗಲಿಯಲ್ಲಿ ನಿಂತಳು. ನಾನು ಒಳಗೆ, ಕಿಟಕಿಯ ಪರದೆಯ ಹಿಂದೆ. ಏಜೆಂಟರು ಕಾರಿಗೆ ಒಂದು ಸುತ್ತು ಬಂದು, ಟಯರಿಗೆ ಒದ್ದು, ಒಳಗೆ ಕೂತು ಸ್ಟಾರ್ಟ್ ಮಾಡಿದರು. ಕೀ ತಿರುಗಿಸಿದ ಒಂದೇ ಸಲಕ್ಕೆ ಹಿಡಿಯಿತು.

"ಬ್ಯಾಟರಿ ಒಳ್ಳೇದುಂಟಲ್ಲ ಮಾರಾಯ, ನಿಂತ ಗಾಡಿ ಅಂದ್ರಲ್ವಾ!"

ದಿನವೂ ನಾನು ಅದರ ಜೀವ ಹಿಡಿದಿಟ್ಟದ್ದು ಇವರ ಮೆಚ್ಚುಗೆಗೆ ಬಿತ್ತಲ್ಲ ಎಂದುಕೊಂಡೆ.

ಅವರು ರಿವರ್ಸಿಗೆಂದು ಗೇರನ್ನು ಎಡಕ್ಕೆ ಮುಂದಕ್ಕೆ ತಳ್ಳಿ ಕ್ಲಚ್ಚು ಬಿಟ್ಟರು. ಕಾರು ಮುಂದಕ್ಕೆ ಹಾರಿತು. ಬ್ರೇಕು ಹಾಕಿ, ಮತ್ತೆ ತಳ್ಳಿದರು. ಮತ್ತೆ ಮುಂದಕ್ಕೆ.

"ಎಂತ ಮಾರಾಯ, ಇದಕ್ಕೆ ರಿವರ್ಸೇ ಇಲ್ವಾ?"

ಗೆಳೆಯ ಕಿಟಕಿಯಲ್ಲಿ ತಲೆ ಹಾಕಿದ. "ಗುಂಡಿನ ಮೇಲೆ ಬರ್ದದ್ದು ಅಳಿಸಿಹೋಗಿದೆ. ಬಲಕ್ಕೆ ಹಾಕಿ ನೋಡಿ."

ಬಲಕ್ಕೆ ಹಾಕಿದರೆ ಕಾರು ನಡುಗಿ ಆಫ್ ಆಯಿತು.

"ಫ್ರಾನ್ಸಿನವರು ಹಿಂದೆ ತಿರುಗಿ ನೋಡುದಿಲ್ಲ ಅಂತ ಕಾಣ್ತದೆ."

"ಹಾಗಾದ್ರೆ ಗಾಡಿ ಹೊರಗೆ ತೆಗಿಲಿಕ್ಕೆ ಬಾವಿಯಿಂದಾಗಿ ಹೋಗ್ಬೇಕಾ?"

ಇಬ್ಬರೂ ನಕ್ಕರು. ಪರದೆಯ ಹಿಂದೆ ನನಗೂ ಒಂದು ಸಮಾಧಾನ. ರಿವರ್ಸ್ ಇಲ್ಲದ ಕಾರು ಬೇಡವೆಂದು ಇವರು ಹೋಗಲಿ, ನನ್ನ ಗುರುವಾರ ಉಳಿಯಲಿ. ನಾನು ಏನೂ ಹೇಳಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಸುಮ್ಮನೆ ನಿಲ್ಲುವುದು ನನಗೆ ಚೆನ್ನಾಗಿ ಬರುತ್ತದೆ.

ಆದರೆ ಅವರು ಬಿಡಲಿಲ್ಲ. ಅಂಗಳ ಬಾವಿಯ ಕಡೆಗೆ ಇಳಿಜಾರು. ಇನ್ನೊಮ್ಮೆ ಎಂದು ಹ್ಯಾಂಡ್ ಬ್ರೇಕು ಇಳಿಸಿ ಗೇರು ತಳ್ಳಿದಾಗ ಕಾರು ಹೋಗಿ ಬಾವಿಕಟ್ಟೆಯ ಕಲ್ಲಿಗೆ ಒಂದೆರಡು ಮೊಳ ಇರುವಾಗ ನಿಂತಿತು. ಅದು ಹಳೆಯ ಕಲ್ಲು, ಸಿಮೆಂಟು ಸರಿಯಾಗಿ ಕೂತದ್ದಲ್ಲ. ಗೆಳೆಯ ಕಾರಿಗೂ ಕಟ್ಟೆಗೂ ನಡುವೆ ಬಂದು ಬಾನೆಟ್ಟಿಗೆ ಕೈಕೊಟ್ಟು ಹಿಂದಕ್ಕೆ ತಳ್ಳಲು ನಿಂತ. ಏಜೆಂಟರು ಮತ್ತೆ ಸ್ಟಾರ್ಟ್ ಮಾಡಿ, ಮತ್ತೆ ಅದೇ ಎಡಕ್ಕೆ ಕೈ ಹಾಕಿದರು. ಕ್ಲಚ್ಚು ಬಿಟ್ಟರೆ ಒಂದನೇ ಗೇರು, ಎದುರಿಗೆ ಮನುಷ್ಯ, ಅವನ ಬೆನ್ನಿಗೆ ಬಾವಿ.

ಆಗ ನನ್ನ ಗಂಟಲಿನಿಂದ ಹೊರಟ ಸ್ವರ ನನ್ನದೆಂದು ನನಗೇ ಗೊತ್ತಾಗಲಿಲ್ಲ.

"ಉಂಗುರ! ಉಂಗುರ ಎತ್ತಿ!"

ಏಜೆಂಟರು ಗಾಬರಿಯಾಗಿ ಕಾರು ಆಫ್ ಮಾಡಿದರು. ಗೆಳೆಯ ಕಾರಿನ ಎದುರಿನಿಂದ ಈಚೆ ಬಂದ. ಏಜೆಂಟರು ಮೊದಲು ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಇಳಿದು ನೆಲ ನೋಡಿದರು.

"ಅಮ್ಮನ ಉಂಗುರ ಬಿದ್ದಿದೆಯಂತೆ ಮಾರಾಯ. ಮೆಟ್ಬೇಡ, ಹುಡುಕು."

ಇಬ್ಬರೂ ಅಂಗಳದಲ್ಲಿ ಬಗ್ಗಿ ಹುಡುಕತೊಡಗಿದರು. ಗೆಳೆಯ ಟಯರಿನ ಅಡಿಗೆ ಕೈ ಹಾಕಿದ. ಏಜೆಂಟರು ಒಂದು ಕಡ್ಡಿ ತಂದು ಹುಲ್ಲು ಕೆದಕಿದರು. "ಚಿನ್ನದ್ದಾ ಅಮ್ಮ? ಎಲ್ಲಿ ಬಿದ್ದದ್ದು ಅಂತ ಅಂದಾಜುಂಟಾ?" ನಿಮ್ಮ ಉಮ್ಮ ಜಗಲಿಯ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು, ಯಾವ ಉಂಗುರವೆಂದು ಅವಳಿಗೂ ಗೊತ್ತಿರಲಿಲ್ಲ. ಅವಳು ನಕ್ಕದ್ದು ನನ್ನ ಕೂಗಿಗೆ.

ಈಗ ನಾನು ಇಡೀ ವಾಕ್ಯವನ್ನೇ ಹೇಳಬೇಕಾಯಿತು. ಪರದೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದೆ: "ಕೈಗೆ ಹಾಕುವ ಉಂಗುರ ಅಲ್ಲ. ಗೇರಿನ ಕುತ್ತಿಗೆಯಲ್ಲಿ ಉಂಟು. ಅದನ್ನು ಮೇಲೆ ಎತ್ತಿ ಹಿಡಿದು ಎಡಕ್ಕೆ ಹಾಕಿ. ಅವರನ್ನು ಎದುರಿಗೆ ನಿಲ್ಲಿಸ್ಬೇಡಿ."

ಏಜೆಂಟರು ಹೋಗಿ ಕೂತು, ಎತ್ತಿ, ಹಾಕಿದರು. ಕಾರು ಮೆಲ್ಲನೆ ಹಿಂದಕ್ಕೆ ಬಂತು. "ಅಲ್ಲಾ ಅಮ್ಮ, ಇಷ್ಟು ಹೊತ್ತು ನಮ್ಮ ಸರ್ಕಸ್ ನೋಡ್ತಾ ಕೂತಿದ್ರಾ?" ಎಂದು ಪರದೆಗೆ ಕೇಳಿದರು. ನಾನು ಪರದೆ ಬಿಟ್ಟು ಅಡುಗೆಮನೆಗೆ ಹೋದೆ.

ಸವಣೂರು ಪೇಟೆಯವರೆಗೆ ಓಡಿಸಿ ಬಂದು, ಗಾಡಿ ಕಲ್ಲಿನ ಹಾಗೆ ಉಂಟು, ನಾಳೆ ಬಂದು ಕೊಂಡುಹೋಗುತ್ತೇನೆ ಎಂದು ಅವರು ನಿಮ್ಮ ಉಮ್ಮನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ನಾನೇ ದಾರಿ ತೋರಿಸಿ ಕಳುಹಿಸಿಕೊಟ್ಟ ಹಾಗಾಯಿತು. ಆ ಸಂಜೆ ಕಾಲು ನಿಲ್ಲಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ. ಎರಡು ಸಲ ಚಹಾಕ್ಕೆ ನೀರಿಟ್ಟು ಎರಡು ಸಲವೂ ಮರೆತೆ.

ಬಾಪ ಬಂದವನು ಹೆಲ್ಮೆಟ್ ತೆಗೆಯುವ ಮೊದಲೇ ಕೇಳಿದ. "ಉಮ್ಮ, ಏಜೆಂಟರು ಫೋನಿನಲ್ಲಿ ನಕ್ಕು ನಕ್ಕು ಮಾತೇ ಆಡ್ಲಿಕ್ಕೆ ಆಗ್ಲಿಲ್ಲ. ನಿಮಗೆ ರಿವರ್ಸ್ ಹೇಗೆ ಗೊತ್ತು?"

ದಿನವೂ ಅಸರ್ ಆದ ಮೇಲೆ ಮಾಡುತ್ತಿದ್ದದ್ದನ್ನು ಹೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಅವಳು, "ನಾನೇ ಗೇಟಿಗೆ ಚಿಲಕ ಹಾಕುದು" ಎಂದಳು.

ಹೊರಗಿನ ಗಂಡಸಿನ ಎದುರು ಒಮ್ಮೆ ಬಿಚ್ಚಿದ ಬಾಯಿ ಇನ್ನೂ ಮುಚ್ಚಿಕೊಂಡಿರಲಿಲ್ಲವೋ ಏನೋ, ಆ ಸಂದಿನಲ್ಲೇ ಹೇಳಿಬಿಟ್ಟೆ: "ಅದನ್ನು ಮಾರ್ಬೇಡ ಮೋನೇ. ನನಗೆ ಗುರುವಾರ ನನ್ನ ಉಮ್ಮನ ತಲೆಗೆ ನೀರು ಹಾಕ್ಲಿಕ್ಕುಂಟು."

"ಮೊದಲೇ ಹೇಳ್ಬೇಕಲ್ಲ. ನಾನು ಮಾತು ಕೊಟ್ಟಾಯ್ತು."

"ಮೊದಲು ಬಾಯಿ ಬರ್ಲಿಲ್ಲ."

ಅವನು ಸಿಟ್ಟಿನಲ್ಲೇ ಅಂಗಳಕ್ಕೆ ಹೋದ. ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಏಜೆಂಟರು ಕಡೆಗೆ, "ಆಯ್ತು ಮಾರಾಯ್ರೆ, ಕಳೆದ ಉಂಗುರ ಸಿಕ್ಕಿತು ಅಂತ ತಿಳ್ಕೊಳ್ತೇನೆ" ಎಂದರಂತೆ. ಪಿಕಪ್ಪಿನ ಮಾತನ್ನು ಬಾಪ ಇವತ್ತಿಗೂ ಆಡುತ್ತಾನೆ. ಲೋಡು ತಡವಾದ ದಿನವೆಲ್ಲ ಅವನ ಮುಖ ಊದಿರುತ್ತದೆ. ಅದನ್ನು ನಾನು ಸಹಿಸಿಕೊಳ್ಳುತ್ತೇನೆ.

ಇದ್ದತ್ ಮುಗಿದ ಮೇಲಿನ ಮೊದಲ ಗುರುವಾರ ಕಾರು ಬಿಟ್ಟದ್ದು ನಿಮ್ಮ ಉಮ್ಮ. ಇದನ್ನು ಮದುವೆ ಮನೆಗಳಲ್ಲಿ ಹೇಳಿ. ಅವಳಿಗೂ ನಡುಕ, ನನಗೂ ನಡುಕ. ಕುದ್ಮಾರಿನ ಹತ್ತಿರ ಒಂದು ತಿರುವಿನಲ್ಲಿ ಬಸ್ಸು ಎದುರಾದಾಗ ಅವಳು ಸ್ಟಿಯರಿಂಗಿನ ನಡುವೆ ಗುದ್ದಿದ್ದೇ ಗುದ್ದಿದ್ದು, ಸದ್ದೇ ಇಲ್ಲ. ಆ ಕಾರಿನ ಹಾರ್ನು ಇಂಡಿಕೇಟರಿನ ಕೋಲಿನ ತುದಿಯಲ್ಲಿ ಇರುವುದು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಎಂತ ಅಕ್ಕ, ಹಿಟ್ಟು ಕಲಸುದಾ?" ಎಂದ. ಇಬ್ಬರೂ ನಗಲಿಕ್ಕೆ ಶುರುಮಾಡಿದವರು ಸೇತುವೆ ದಾಟುವವರೆಗೆ ನಿಲ್ಲಿಸಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಅಳುವೂ ಬಂತು. ಅವಳು ಕಿಟಕಿಯ ಗಾಜು ಇಳಿಸಿದಳು.

ಉಮ್ಮನನ್ನು ಕುರ್ಚಿಗೆ ಎತ್ತಿ ಕೂರಿಸಿ ಬಚ್ಚಲಿಗೆ ತಂದೆವು. ತಲೆ ಜಡೆಗಟ್ಟಿತ್ತು. ಎಣ್ಣೆ ಹಚ್ಚಿ, ಬಿಡಿಸಿ, ಬಿಸಿನೀರು ಹೊಯ್ದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಅಷ್ಟು ತಿಂಗಳು ಮನೆಯಲ್ಲಿ ಕೂತು ಎಂತ ಮಾಡಿದ್ದು?"

"ಕಾರು ಬಿಟ್ಟೆ."

"ಎಲ್ಲಿಗೆ?"

"ಬಾವಿಯವರೆಗೆ."

"ಸಾಕು. ನನ್ನ ಇದ್ದತ್ತಿನಲ್ಲಿ ನಾನು ಅಲ್ಲಿಯವರೆಗೂ ಹೋಗ್ಲಿಲ್ಲ" ಎಂದು, ಕಿವಿಗೆ ನೀರು ಹೋಯಿತೆಂದು ಬೈದರು.

ಇದನ್ನು ಬರೆಯುತ್ತಿರುವ ಈ ವಾರ ಕಾರು ಪುತ್ತೂರಿನ ಗ್ಯಾರೇಜಿನಲ್ಲಿ ಇದೆ. ಕ್ಲಚ್ಚು ಹೋಗಿದೆ, ಪಾರ್ಟು ಮಂಗಳೂರಿಗೆ ಬಂದಿಲ್ಲವಂತೆ. ಅಂದೇ ಮಾರಬೇಕಿತ್ತು ಎಂದು ಬಾಪ ಹುಬ್ಬಿನಲ್ಲೇ ಹೇಳುತ್ತಾನೆ. ನಾಳೆ ಗುರುವಾರ. ಬೆಳಿಗ್ಗೆಯಿಂದ ಪೆನ್ನು ಕೆಳಗಿಟ್ಟು ಗೇಟಿನವರೆಗೆ ಎಷ್ಟು ಸಲ ಹೋಗಿ ಬಂದೆನೋ. ಕಡೆಗೆ ನಾನೇ ಸ್ಟ್ಯಾಂಡಿನ ರಿಕ್ಷಾದವರಿಗೆ ಫೋನು ಮಾಡಿದೆ, ಯಾರ ಕೈಯಲ್ಲೂ ಮಾಡಿಸಲಿಲ್ಲ. ಎಲ್ಲಿಗೆ ಎಂದು ಕೇಳಿದರು. ಊರಿನ ಹೆಸರು, ಗುಡ್ಡದ ದಾರಿ, ಕಾಯಬೇಕಾದ ಹೊತ್ತು, ಎಲ್ಲವನ್ನೂ ಹೇಳಿದೆ. ಸ್ವರ ಒಮ್ಮೆ ನಡುಗಿತು, ಅವರಿಗೆ ಕೇಳಿಸಿರಲಿಕ್ಕಿಲ್ಲ. ಕಾರು ಬಂದರೆ ಒಳ್ಳೆಯದು. ಬಾರದಿದ್ದರೂ ನಾಳೆ ಬೆಳಿಗ್ಗೆ ನಾನು ಹೊರಡುತ್ತೇನೆ.

ಈ ಹಾಳೆಗಳನ್ನು ನೀವಿಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಿಕ್ಕಿದ ಕಾಗದವನ್ನೆಲ್ಲ ಆ ಕಾರಿನ ಡ್ಯಾಶ್‌ಬೋರ್ಡಿಗೆ ತುರುಕುವುದು ನಮ್ಮ ಮನೆಯ ಅಭ್ಯಾಸ. ಇವನ್ನು ಅಲ್ಲಿ ಇಡಬೇಡಿ, ಮಳೆಗಾಲದಲ್ಲಿ ಅದರೊಳಗೆ ನೀರು ಇಳಿಯುತ್ತದೆ. ಮನೆಯ ಒಳಗೆ, ಒಣಗಿದ ಜಾಗದಲ್ಲಿ ಇಡಿ.